ಕಕ್ಕೇರಾದ ಮುದುಕಿ ಆಡಿದ ಮಾತು

ಮೈ ಮುಟ್ಟಿ ಹಿಂದಿನದನ್ನು ಹೇಳುತ್ತಾರೆ ಎಂದು ಯಾರಾದರೂ ಅಂದರೆ ನಾನು ನಗುತ್ತಿದ್ದೆ. ಸುರಪುರದ ಶಾಲೆಯಲ್ಲಿ ಮಕ್ಕಳಿಗೆ ವಿಜ್ಞಾನ ಕಲಿಸುತ್ತಿದ್ದವಳು ನಾನು. ಈಗಲೂ ಅಂಥದ್ದನ್ನು ನಂಬುತ್ತೇನೆಂದು ಹೇಳಲಾರೆ. ಆದರೆ ನಡೆದದ್ದನ್ನು ನಡೆದಿಲ್ಲ ಎನ್ನಲೂ ಆಗುವುದಿಲ್ಲ.

ದೇವಾಪುರದ ಹತ್ತಿರ ಅಪ್ಪ ನನಗೆಂದು ಬಿಟ್ಟುಹೋದ ಎರಡು ಎಕರೆ ಹೊಲವಿತ್ತು. ಕಾಲುವೆ ಬರುವ ಮುಂಚೆ ಅದನ್ನು ಯಾರೂ ತಿರುಗಿ ನೋಡಿರಲಿಲ್ಲ. ನೀರು ಬಂದು ಭತ್ತ ನಿಂತ ಮೇಲೆ ಅಣ್ಣನಿಗೆ ಅದು ಬೇಕಾಯಿತು. ನನ್ನ ಪಾಳಿಯ ನೀರನ್ನು ತನ್ನ ಗದ್ದೆಗೆ ತಿರುಗಿಸಿಕೊಂಡ. ಒಂದು ಬೆಳಿಗ್ಗೆ ಕೇಳಲು ಹೋದೆ. ಹೊಲದಲ್ಲಿ ನಾವಿಬ್ಬರೇ. "ಹೆಣ್ಣ ಮಗಳಿಗೆ ಯಾತರ ನೀರು? ತಗೋ, ಬಾಯಿ ತುಂಬ ಕುಡಿ," ಎಂದವನೇ ಸಲಿಕೆಯ ಕಾವಿನಿಂದ ಹೊಡೆದ. ಕೆಳದವಡೆ ಮುರಿಯಿತು.

ಕಲಬುರಗಿಗೆ ಹೋಗುವ ಜೀಪಿನಲ್ಲಿ ಅವ್ವ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹೇಳಿದಳು: "ಕಾಲುವಿ ಮೆಟ್ಟಲದಾಗ ಜಾರಿ ಬಿದ್ದೀನಿ ಅನ್ನವ್ವ. ಅವನೂ ನನ್ನ ಹೊಟ್ಟ್ಯಾಗ ಹುಟ್ಟ್ಯಾನ." ಡಾಕ್ಟರಿಗೆ ಹಾಗೆಯೇ ಬರೆದು ತೋರಿಸಿದೆ. ಅಣ್ಣ ಆಡಿದ ಮಾತನ್ನಂತೂ ಅವ್ವನಿಗೂ ಹೇಳಲಿಲ್ಲ.

ಬಾಯಿಯ ಒಳಗಿನಿಂದಲೇ ಕೊಯ್ದು, ಎರಡು ಪ್ಲೇಟು ಇಟ್ಟು ಸ್ಕ್ರೂ ಹಾಕಿ ಮೂಳೆ ಕೂಡಿಸಿದರು. ಹೊರಗೆ ಗಾಯದ ಗುರುತೇ ಉಳಿಯಲಿಲ್ಲ. "ಚಲೋ ಆತಲ್ರಿ ಟೀಚರ್," ಎನ್ನುತ್ತಿದ್ದರು ನೋಡಿದವರು. ಚಳಿ ಬಿದ್ದರೆ ಪ್ಲೇಟು ಇದ್ದ ಕಡೆ ಮೂಳೆ ಹಿಂಡಿದಂತಾಗುತ್ತಿತ್ತು. ಕೆಳತುಟಿ ಒಂದು ಬದಿ ಜೋಮು ಹಿಡಿದೇ ಇತ್ತು. ಅನ್ನದ ಅಗುಳು ಅಂಟಿದರೂ ತಿಳಿಯುತ್ತಿರಲಿಲ್ಲ. ರೊಟ್ಟಿಯನ್ನು ಬೇಳೆಯಲ್ಲಿ ನೆನೆಸಿ ನುಂಗುತ್ತಿದ್ದೆ. ಪಾಠ ಮುಗಿಸಿ ಮನೆಗೆ ಬಂದರೆ ಬಿಸಿ ಬಟ್ಟೆ ಒತ್ತಿಕೊಂಡು ಗೋಡೆಗೆ ಒರಗುವುದೇ ಕೆಲಸ. ಬಹಳ ತೊಂದರೆಯಾದರೆ ಪ್ಲೇಟು ತೆಗೆಯೋಣ ಎಂದಿದ್ದರು ಡಾಕ್ಟರು. ಇನ್ನೊಮ್ಮೆ ಕೊಯ್ಯಿಸಿಕೊಳ್ಳುವ ಧೈರ್ಯ ನನಗಿರಲಿಲ್ಲ.

ಮರುವರ್ಷ ಶಾಲೆ ಬಿಟ್ಟ ಮಕ್ಕಳ ಗಣತಿಗೆಂದು ಕಕ್ಕೇರಾ ಕಡೆ ಹೋದೆ. ಮಟಮಟ ಮಧ್ಯಾಹ್ನ. ಕುರಿ ಸಾಕುವವರ ಮನೆಯೊಂದರಲ್ಲಿ ಕಣ್ಣು ಕಾಣದ ಮುದುಕಿ ಒಬ್ಬಳೇ ಇದ್ದಳು. ಕುಡಿಯಲು ನೀರು ಕೇಳಿದೆ. ಚರಿಗೆಯಲ್ಲಿ ತುಂಬಿ ಕೊಟ್ಟ ಮಡಕೆಯ ತಣ್ಣೀರು ದವಡೆಗೆ ತಾಗಿ ಉಸಿರು ಎಳೆದುಕೊಂಡೆ. "ಇಲ್ಲಿ ಬಾ ತಂಗಿ," ಎಂದು ಕರೆದು ನನ್ನ ಮುಖ ಸವರಿದಳು. ಎಡದವಡೆಯ ಮೇಲೆ, ಪ್ಲೇಟು ಇದ್ದಲ್ಲಿಯೇ ಬೆರಳು ನಿಂತಿತು.

"ಹೆಣ್ಣ ಮಗಳಿಗೆ ಯಾತರ ನೀರು," ಎಂದಳು ಮೆಲ್ಲಗೆ. "ತಗೋ, ಬಾಯಿ ತುಂಬ ಕುಡಿ."

ದನಿ ಅವಳದೇ. ಎಳೆದು ಹೇಳಿದ ರೀತಿ ಅಣ್ಣನದು. ನನ್ನ ಕೈಯ ಚರಿಗೆ ಬಿತ್ತು.

"ಯಾರ ಹೇಳ್ಯಾರ್ರಿ ನಿಮಗ?" ಎಂದೆ.

"ಏನ ಹೇಳಿದ್ನವ್ವ ನಾ? ನೀರ ಕುಡಿ ಅಂದೆ," ಎಂದಳು. ಮತ್ತೆಷ್ಟು ಕೇಳಿದರೂ ಅಷ್ಟೇ.

ಸಂಜೆ ದೇವಾಪುರಕ್ಕೆ ಹೋಗಿ ಅವ್ವನ ಮುಂದೆ ಎಲ್ಲ ಹೇಳಿದೆ. ಆ ಮಾತು ಕೇಳಿ ಅವಳು ಬೆಚ್ಚಲಿಲ್ಲ. ಅಣ್ಣ ಅವಳಿಗೆ ಮೊದಲೇ ಹೇಳಿದ್ದನೆಂದು ಆಗ ತಿಳಿಯಿತು.

"ಊರಾಗ ಹೇಳಬ್ಯಾಡ ಅಂದಿದ್ದೆ. ಕಕ್ಕೇರಾ ತನಕ ಮುಟ್ಟಿಸಿ ಬಂದೀ ಏನು?" ಎಂದಳು.

ಅಣ್ಣ ಆ ಕಡೆ ಕಾಲಿಟ್ಟವನಲ್ಲ. ಅವ್ವ ಹೇಳುವವಳಲ್ಲ. ನಾನು ಹೇಳಿರಲಿಲ್ಲ. ಹಾಗೆಂದು ಎಷ್ಟು ಆಣೆ ಮಾಡಿದರೂ ಅವ್ವ ಸಾಯುವವರೆಗೂ ನಂಬಲಿಲ್ಲ. ಅವಳ ಪಾಲಿಗೆ ಮನೆಯ ಮಾನ ಕಳೆದವಳು ನಾನೇ. ಆ ಮಾತು ಮುದುಕಿಯ ಬಾಯಿಗೆ ಎಲ್ಲಿಂದ ಬಂತೆಂದು ಗೊತ್ತಿದ್ದರೆ, ಮೊದಲು ಅವ್ವನಿಗೇ ಹೇಳುತ್ತಿದ್ದೆ.