ಹಸಿರು ಚುಕ್ಕಿ ಕೇಳಿದ ಅಜ್ಜಿ

ಅಮೆರಿಕದ ಅಲ್ಫರೆಟಾದಲ್ಲಿರುವ ಮಗಳ ಮನೆಗೆ ಬಂದಿದ್ದ ಗದಗಿನ ಅಜ್ಜಿಯೊಬ್ಬರು ಜಾರಿಬಿದ್ದು ಮಣಿಕಟ್ಟು ಮುರಿದುಕೊಂಡರು. "ಪ್ಲೇಟ್ ಕೂರಿಸ್ತೀನಿ, ಖಾಲಿ ಜಾಗಕ್ಕೆ ಮೂಳೆ ಬದಲು ಪುಡಿ ತುಂಬ್ತೀನಿ" ಅಂದೆ, ಆಪರೇಷನ್ ಮಾಡಬೇಕಿದ್ದ ನಾನು.

"ಎಂಥಾ ಪುಡಿ ಡಾಕ್ಟ್ರ? ದನದ ಎಲುಬಿಂದಾದ್ರ ಬ್ಯಾಡ. ಕೈ ಸೊಟ್ಟ ಕೂಡಲಿ."

"ಅಲ್ಲ ಅಜ್ಜಿ, ಫ್ಯಾಕ್ಟರಿಯಲ್ಲಿ ಮಾಡಿದ ಕ್ಯಾಲ್ಸಿಯಂ."

"ಹಂಗಾದ್ರ ಡಬ್ಬಿ ಮ್ಯಾಲೆ ಹಸಿರು ಚುಕ್ಕಿ ತೋರಸ್ರಿ."

ನಮ್ಮೂರ ಬಿಸ್ಕೀಟ್ ಪ್ಯಾಕೆಟ್ಟಿನ ಮೇಲಿರುವ ಸಸ್ಯಾಹಾರದ ಗುರುತು! ಅಮೆರಿಕದಲ್ಲಿ ಅದನ್ನು ಎಲ್ಲಿಂದ ತರಲಿ? ಆಪರೇಷನ್ನಿಗೆ ಮೊದಲು, ಕೊಯ್ಯಬೇಕಾದ ಕೈ ಮೇಲೆ ಪೆನ್ನಿನಲ್ಲಿ ಸಹಿ ಹಾಕುವುದು ನಮ್ಮ ನಿಯಮ. ಸಹಿಯ ಪಕ್ಕ ಚೌಕ ಬರೆದು ನಡುವೆ ಚುಕ್ಕಿಯನ್ನೂ ಇಟ್ಟೆ. ಆಸ್ಪತ್ರೆಯ ಪೆನ್ನು ಮಾತ್ರ ನೇರಳೆ ಬಣ್ಣದ್ದು.

ಅಜ್ಜಿ ದಿಟ್ಟಿಸಿ ನೋಡಿ ನಕ್ಕರು.

"ಬದನಿಕಾಯಿ ಬಣ್ಣ! ಇರ್ಲಿ, ಎಣ್ಣಿಗಾಯಿಗೆ ಮಾಡಿದಂಗ ಸೀಳಿ ಪುಡಿ ತುಂಬ್ರಿ."