ಕೀಲಿ ಜಡಿದ ನಮೂನೆ

ನಮ್ಮ ಅಜ್ಜಿ ಉಪ್ಪಿನಕಾಯಿ ಭರಣಿಯ ಬಾಯಿಗೆ ಬಿಳಿ ಅರಿವೆ ಬಿಗಿದು, ಯಾರೂ ಮುಟ್ಟಬಾರದೆಂದು ಮನೆಗೆಲ್ಲ ಕೇಳುವಂತೆ ಸಾರುತ್ತಿದ್ದಳು. ಊಟದ ಹೊತ್ತಿಗೆ ತಾನೇ ಬಿಚ್ಚಿ, ಬಂದವರೆಲ್ಲರ ತಾಟಿಗೂ ಒಂದೊಂದು ಹೋಳು ಹಾಕುತ್ತಿದ್ದಳು. ಬಡಿಸುವುದಕ್ಕೆಂದೇ ಕಾಪಾಡುವವರು ಒಂದು ಬಗೆ. ಕಾಪಾಡುವ ಮೋಜಿಗೆಂದೇ ಕಾಪಾಡುವವರು ಇನ್ನೊಂದು ಬಗೆ. ಈ ಎರಡನೆಯವರು, ಮಿತ್ರರೇ, ಹೆಚ್ಚಾಗಿ ಕಚೇರಿಗಳಲ್ಲಿ ಸಿಗುತ್ತಾರೆ.

ಎರಡು ಸಾವಿರದ ಇಸವಿ ಕಳೆದು ನಾಲ್ಕೈದು ವರ್ಷವಾಗಿತ್ತು. ರೋಣದ ಬಸ್ ನಿಲ್ದಾಣದ ಹಿಂದೆ ನನ್ನದೊಂದು ಡಿಟಿಪಿ ಅಂಗಡಿ. ಹೊಲಿಗೆ ತರಬೇತಿ ಕೇಂದ್ರಕ್ಕೆ ಕೌದಿ ಕಲಿಸುವವರು ಬೇಕೆಂದು ಕಚೇರಿಯೊಂದು ಅರ್ಜಿ ಕರೆದು, ನಮೂನೆಯನ್ನು ಫ್ಲಾಪಿಯಲ್ಲಿ ನಮ್ಮಂಥ ಅಂಗಡಿಗಳಿಗೆ ಹಂಚಿತು. ಮೂರು ದಿನದ ಕಂಪ್ಯೂಟರ್ ತರಬೇತಿ ಮುಗಿಸಿ ಮಹಾಪಂಡಿತರಾಗಿ ಮರಳಿದ್ದ ಅಲ್ಲಿನ ಸಾಹೇಬರು ಅದಕ್ಕೆ ರಕ್ಷಣೆಯ ಕೀಲಿ ಜಡಿದಿದ್ದರು. ಬೂದುಬಣ್ಣದ ಚೌಕಗಳಲ್ಲಿ ಮಾತ್ರ ಟೈಪು ಮಾಡಬೇಕು; ಅಕ್ಷರ ದಪ್ಪ ಮಾಡುವ, ಅಡಿಗೆರೆ ಎಳೆಯುವ, ಫಾಂಟ್ ಬದಲಿಸುವ ಗುಂಡಿಗಳೆಲ್ಲ ಮಂಕು ಬಡಿದು ಕೂತಿದ್ದವು. ಚೌಕಗಳಿಗೆ ಹಾಕಿದ್ದು ಇಂಗ್ಲಿಷ್ ಫಾಂಟು, ನೆತ್ತಿಯ ಮೇಲೆ ಬರೆದಿದ್ದು ‘ಕನ್ನಡದಲ್ಲಿಯೇ ತುಂಬತಕ್ಕದ್ದು’ ಎಂಬ ಆಜ್ಞೆ. ಆಗಿನ ಕಂಪ್ಯೂಟರಿನಲ್ಲಿ ಕನ್ನಡ ಫಾಂಟ್ ಆರಿಸದೆ ಕನ್ನಡ ಮೂಡುತ್ತಿರಲಿಲ್ಲವೆಂಬುದು ಸಾಹೇಬರಿಗೆ ಯಾವ ದಿನದ ಪಾಠದಲ್ಲಿ ತಪ್ಪಿಹೋಗಿತ್ತೋ ಕಾಣೆ.

ಅರ್ಜಿ ಕೊಡುವ ಕೊನೆಯ ದಿನ ಗಜೇಂದ್ರಗಡದಿಂದ ಹಸೀನಾಬಿ ಬಂದರು. ಹಳೆ ಸೀರೆಗಳ ತುಂಡು ಜೋಡಿಸಿ ಇಪ್ಪತ್ತು ವರ್ಷ ಕೌದಿ ಹೊಲಿದ ಕೈ. ಊರೂರು ತಿರುಗಿ ಅಂಗಳದಲ್ಲಿ ಕೂತು ಹೊಲಿಯುವುದು ಇನ್ನು ಮೊಣಕಾಲಿಗೆ ಆಗದೆಂದು ಈ ಕೆಲಸವನ್ನೇ ನೆಚ್ಚಿದ್ದರು. ನಾನು ಅವರ ಹೆಸರು ಟೈಪು ಮಾಡಿದೆ. ಚೌಕದಲ್ಲಿ ನೆತ್ತಿಗೆ ಗೀಟು ಹೊತ್ತ ಇಂಗ್ಲಿಷ್ ಎ, ಪೌಂಡಿನ ಗುರುತು, ಕೊನೆಗೆ ಸುತ್ತು ಹಾಕಿದ ಸಿ ಮೂಡಿದವು.

“ಅಣ್ಣಾರ, ಇದು ಯಾರ ಹೆಸರ್ರಿ?” ಎಂದು ಅವರು ನಕ್ಕರು.

ನಾನು ಕಚೇರಿಗೆ ಓಡಿದೆ. ಚೌಕಗಳಿಗೆ ಮೊದಲು ಕನ್ನಡ ಫಾಂಟ್ ಕೊಟ್ಟು ಆಮೇಲೆ ಕೀಲಿ ಹಾಕಬಹುದು, ಅಥವಾ ಆ ಒಂದು ಭಾಗವನ್ನಷ್ಟೇ ರಕ್ಷಣೆಯಿಂದ ಹೊರಗಿಡಬಹುದು ಎಂದು ವಿನಯದಿಂದ ವಿವರಿಸಿದೆ.

“ಕೀಲಿ ತಗದ್ರ ಮಂದಿ ಫಾರ್ಮ್ ಕೆಡಸ್ತಾರ್ರಿ,” ಎಂದರು ಸಾಹೇಬರು. “ನೀವು ಚೌಕ ತುಂಬ್ರಿ, ಸಾಕು. ನನಗ ಕಲಸಾಕ ಬರಬ್ಯಾಡ್ರಿ.”

ಜನರಿಂದ ನಮೂನೆಯನ್ನು ಕಾಪಾಡಬೇಕಂತೆ. ಜನರಿಗಾಗಿ ಮಾಡಿದ ನಮೂನೆಯನ್ನು. ಇಂಥವರ ಬುದ್ಧಿಗೆ ಯಾವ ಪಾಸ್‌ವರ್ಡ್ ಹಾಕಿದ್ದಾರೋ ಎಂದು ನಾನು ದಾರಿಯುದ್ದಕ್ಕೂ ಬೈದುಕೊಂಡು ಬಂದೆ. ಆದರೆ ಮಿತ್ರರೇ, ನಿಮ್ಮೆದುರು ಮುಚ್ಚಿಡುವುದೇನು, ಆ ಕೀಲಿ ಒಡೆಯುವ ಉಪಾಯ ನನಗೆ ಗೊತ್ತಿತ್ತು. ಹೊಸ ಖಾಲಿ ಕಡತವೊಂದನ್ನು ತೆರೆದು ಇಡೀ ನಮೂನೆಯನ್ನು ಅದರೊಳಕ್ಕೆ ಸೇರಿಸಿಕೊಂಡರೆ ರಕ್ಷಣೆ ತಾನಾಗಿ ಕಳಚುತ್ತಿತ್ತು. ಎರಡು ನಿಮಿಷದ ಕೆಲಸ. ಸಾಹೇಬರು ಸಿಟ್ಟಾದರೆ ನನ್ನ ಅಂಗಡಿಗೆ ಬರುತ್ತಿದ್ದ ಕಚೇರಿಯ ಟೈಪಿಂಗ್ ಕೆಲಸ ಕೈತಪ್ಪೀತೆಂಬ ಅಳುಕಿಗೆ ಅದನ್ನು ಮಾಡಲಿಲ್ಲ. ಹೆಸರು, ವಿಳಾಸ ಎಲ್ಲವನ್ನೂ ಅದೇ ಗೀಟು-ಸುತ್ತುಗಳಲ್ಲಿ ತುಂಬಿ ಫ್ಲಾಪಿಗೆ ಹಾಕಿಕೊಟ್ಟು, “ಅಲ್ಲಿ ಹೋದ ಮ್ಯಾಲೆ ಸರಿಯಾಗತೈತ್ರಿ,” ಎಂದು ಆ ತಾಯಿಗೆ ಸುಳ್ಳು ಹೇಳಿ ಕಳಿಸಿದೆ.

ಚೌಕಗಳೆಲ್ಲ ತುಂಬಿದ್ದರಿಂದ ಅರ್ಜಿ ಸ್ವೀಕೃತವಾಯಿತು. ಅರ್ಜಿಯ ಜೊತೆ ಕೊಟ್ಟಿದ್ದ ಮಾದರಿ ಕೌದಿಯನ್ನು ನೋಡಿದವರು ಅವರನ್ನೇ ಆರಿಸಿದರು. ಕಣ್ಣಿದ್ದವರು ಬೇರೆಯವರನ್ನು ಆರಿಸುವಂತೆಯೂ ಇರಲಿಲ್ಲ. ವಿಳಾಸ ಓದಲಾಗದೆ ಪತ್ರ ಹೋಗಲಿಲ್ಲ. ತಿಂಗಳ ಮೇಲೆ ಬೇರೆ ಕೆಲಸಕ್ಕೆಂದು ಕಚೇರಿಗೆ ಹೋದಾಗ ಗೋಡೆಯ ಪಟ್ಟಿಯಲ್ಲಿ ಗೀಟಿನ ಎ, ಪೌಂಡು, ಸುತ್ತಿನ ಸಿ ಮೊದಲ ಸಾಲಿನಲ್ಲೇ ನಿಂತಿದ್ದವು. ಫ್ಲಾಪಿಯಿಂದ ಎತ್ತಿ ಹಾಗೆಯೇ ಅಂಟಿಸಿದ್ದರು. ಬೇರೆ ಅಂಗಡಿಯವರು ಅಳುಕದೆ ಕೀಲಿ ಒಡೆದಿದ್ದರೋ ಏನೋ, ಕೆಳಗಿನ ಹೆಸರುಗಳೆಲ್ಲ ಕನ್ನಡದಲ್ಲೇ ಇದ್ದವು. ಕೆಲಸಕ್ಕೆ ಹಾಜರಾಗುವ ಗಡುವು ಹಿಂದಿನ ದಿನ ಮುಗಿದು, ಎರಡನೆಯ ಸಾಲಿನವರನ್ನು ಕರೆದಾಗಿತ್ತು.

ಸಿಕ್ಕ ಬಸ್ಸು ಹಿಡಿದು ಗಜೇಂದ್ರಗಡಕ್ಕೆ ಹೋದೆ. ಹಸೀನಾಬಿ ಯಾರದೋ ಅಂಗಳದಲ್ಲಿ ಕೌದಿ ಹಾಸಿಕೊಂಡು, ಒಂದು ಕಾಲು ನೀಡಿ ಹೊಲಿಯುತ್ತಿದ್ದರು. ಪಟ್ಟಿಯ ಮೊದಲ ಹೆಸರು ಅವರದೇ ಎಂದು ಹೇಳಿದೆ. ಅವರು ಸೂಜಿ ನಿಲ್ಲಿಸಿದರು.

“ಹೋದ ವಾರ ಕಚೇರಿಗೆ ಬಂದಿದ್ನಲ್ರಿ ಅಣ್ಣಾರ. ಪಟ್ಟಿ ಮ್ಯಾಲಿಂದ ಕೆಳಗಿನ ತನಕಾ ಮೂರು ಸಲ ಓದಿದೆ,” ಎಂದರು. “ಮದಲನೇದ್ದು ಯಾರೋ ದೂರದವರ ಹೆಸರು ಅನಕೊಂಡು, ಅವರಿಗೆ ಚಲೋ ಆಗಲಿ ಅಂತ ಅಂದು ಬಂದೆ.”