ಭಾವನ ಗೋದಾಮಿಗೆ ಬಂದ ಜೀಪು

ಬೀಗ ರಿಪೇರಿಯವನಿಗೆ ರೇಡ್ ಅಂದರೆ ಎರಡು ಅರ್ಥ. ಅಕ್ಕನ ಮನೆಗೆ ಹೋದಾಗ ಅಡುಗೆಮನೆಯ ಡಬ್ಬಗಳನ್ನೆಲ್ಲ ತೆರೆದು ತಡಕಾಡುವುದು ಒಂದು. "ಬಂದಪ್ಪ, ರೇಡ್ ಮಾಡೋಕೆ" ಎಂದು ಅಕ್ಕ ನಗುತ್ತಿದ್ದಳು. ಇನ್ನೊಂದು, ಸರ್ಕಾರಿ ಜೀಪು ಅವನ ಅಂಗಡಿ ಮುಂದೆ ನಿಂತಾಗಿನದು. ದಾಳಿಗೆ ಹೋದ ಕಡೆ ಕೀ ಕೊಡದೆ ಸತಾಯಿಸುವವರು ಇರುತ್ತಾರೆಂದು ಅಧಿಕಾರಿಗಳು ಅವನನ್ನು ಕರೆದೊಯ್ಯುತ್ತಿದ್ದರು. ಎಲ್ಲಿಗೆಂದು ಮೊದಲೇ ಹೇಳುತ್ತಿರಲಿಲ್ಲ, ಫೋನನ್ನೂ ತೆಗೆದಿಟ್ಟುಕೊಳ್ಳುತ್ತಿದ್ದರು. ಆದರೂ ಚಾಡಿ ಹೇಳುವವನು ಅವನೇ ಎಂದು ಬೀದಿಯವರ ಗುಮಾನಿ. ಅವನನ್ನು ಕಂಡರೆ ಆಡುತ್ತಿದ್ದ ಮಾತು ನುಂಗುತ್ತಿದ್ದರು.

ಒಂದು ಬೆಳಿಗ್ಗೆ ಜೀಪು ಸುತ್ತಿ ಬಳಸಿ ಭಾವನ ಔಷಧಿ ಗೋದಾಮಿನ ಮುಂದೆಯೇ ನಿಂತಿತು. ಒಳಕೋಣೆಯ ಕೀ ಕಳೆದಿದೆ ಎಂದು ವಾದಿಸುತ್ತಿದ್ದ ಭಾವ, ಇವನು ಒಳಗೆ ಬಂದದ್ದನ್ನು ಕಂಡು ಬಾಯಿ ಮುಚ್ಚಿದ.

"ಸಾರ್, ಇವರು ನಮ್ಮ ಭಾವ."

ಅಧಿಕಾರಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಹೌದಾ? ಮೊದಲೇ ಸುದ್ದಿ ಮುಟ್ಟಿಸಿಲ್ಲ ತಾನೆ? ತೆಗಿ."

ಆ ಬೀಗ ಕೂರಿಸಿದವನೂ ಅವನೇ. ತಂತಿ ತೂರಿಸಿ ತೆರೆದ. ಒಳಗೆ ಮಕ್ಕಳ ಕೆಮ್ಮಿನ ಔಷಧಿಯ ಬಾಟಲಿಗಳ ರಾಶಿ, ಪಕ್ಕದಲ್ಲಿ ನಕಲಿ ಲೇಬಲ್ಲಿನ ಸುರುಳಿಗಳು.

"ಈ ಕೋಣೆ ವಿಷಯ ಹೊರಗಿನವರಲ್ಲಿ ನಿನಗೊಬ್ಬನಿಗೇ ಗೊತ್ತಿದ್ದದ್ದು" ಎಂದ ಭಾವ, ಜೀಪು ಹತ್ತುವಾಗ. "ಉಂಡ ಮನೆ ಜಂತೆ ಎಣಿಸಿದೆಯಲ್ಲೋ."

ಹೇಳಿದವರು ಯಾರು? ಗೋದಾಮಿನ ಕೂಲಿಯವನೋ, ಗಾಡಿಯವನೋ? ಬೀಗದವನ ಅನುಮಾನ ಕೊನೆಗೆ ತನ್ನ ಹೆಂಡತಿಯವರೆಗೂ ಬಂತು.

"ಆ ಕೋಣೆ ವಿಷಯ ಯಾರ ಹತ್ರಾನಾದ್ರೂ ಬಾಯಿ ಬಿಟ್ಟಿದ್ದೀಯಾ?"

"ಊರೆಲ್ಲ ನಿಮ್ಮನ್ನ ಅನುಮಾನಿಸ್ತಿದೆ. ನೀವು ನನ್ನನ್ನಾ?" ಎಂದು ಅವಳು ಒಳಗೆ ಹೋದಳು.

ಮಾರನೆಯ ಮಧ್ಯಾಹ್ನ ಅಕ್ಕ ಅಂಗಡಿಗೆ ಬಂದಳು. ಅವನು ಎದ್ದು ನಿಂತ. "ಅಕ್ಕಾ, ನಿನ್ನಾಣೆಗೂ ನಾನಲ್ಲ."

"ಗೊತ್ತು ಕಣೋ. ಹೇಳಿದ್ದು ನಾನು."

"ನೀನಾ? ಯಾಕಕ್ಕಾ?"

"ಪಕ್ಕದ ಮನೆ ಮಗು ಆ ಔಷಧಿ ಕುಡಿದು ಆಸ್ಪತ್ರೆ ಸೇರಿದೆ. ಬಾಟ್ಲಿ ಕೊಟ್ಟವಳು ನಾನೇ. ಗೋದಾಮಿಂದ ಅದನ್ನೆಲ್ಲ ತೆಗೆಸಿ ಅಂತ ಕಾಲು ಹಿಡಿದೆ, ಕೇಳಲಿಲ್ಲ ಅವರು." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಎಲ್ಲರೂ ನಿನ್ನನ್ನೇ ಅಂತಿದ್ದಾರೆ. ನಾನೇ ಅಂತ ಹೇಳಿಬಿಡ್ತೀನಿ."

ಅವನು ರಸ್ತೆಯ ಕಡೆ ನೋಡಿದ. ಎದುರಂಗಡಿಯವನು ಕಿವಿ ನಿಮಿರಿಸಿಕೊಂಡು ನಿಂತಿದ್ದ.

"ಬೇಡ. ಆ ಮನೇಲಿ ಬಾಳಬೇಕಾದವಳು ನೀನು" ಎಂದ ತಗ್ಗಿದ ದನಿಯಲ್ಲಿ. "ನನ್ನ ಮೇಲೇ ಇರಲಿ. ನನಗೇನು, ಅಭ್ಯಾಸ ಆಗಿದೆ."

ಮಗು ಚೇತರಿಸಿಕೊಂಡಿತು. ಜಾಮೀನಿನ ಮೇಲೆ ಬಂದ ಭಾವ ಅವನ ಜೊತೆ ಮಾತು ಬಿಟ್ಟ. ಅಕ್ಕನೂ ತಮ್ಮನ ಹೊಸ್ತಿಲು ತುಳಿಯಕೂಡದೆಂದ. ಆಮೇಲೆ ಬೇರೊಬ್ಬನನ್ನು ಕರೆಸಿ ಮನೆಯ ಬೀಗಗಳನ್ನೆಲ್ಲ ಬದಲಿಸಿ, ಹೊಸ ಕೀಗೊಂಚಲನ್ನು ಅವಳ ಕೈಗಿಟ್ಟು ಹೇಳಿದ: "ಇನ್ಮೇಲೆ ನಿನ್ನೊಬ್ಬಳನ್ನೇ ನಂಬೋದು."